ಬೇಸಾಯಕ್ಕೆ ಬೇಕಾಗುವ ಶಕ್ತಿ: ಎತ್ತಿನ ಕಾಲದಿಂದ ವಿದ್ಯುತ್ತಿನ ಕಾಲದವರೆಗೆ

ಭೂಮಿ, ನೀರು, ಬೀಜ, ಗೊಬ್ಬರ ಈ ನಾಲ್ಕೂ ಬೇಸಾಯಕ್ಕೆ ಅವಶ್ಯಕವಾದುವೆಂಬುದು ಎಲ್ಲರೂ ಬಲ್ಲ ವಿಷಯ. ಈ ನಾಲ್ಕನ್ನೂ ಕೂಡಿಸಿ ಬೆಳೆಯನ್ನಾಗಿ ಮಾಡತಕ್ಕ ಐದನೆಯ ಸಾಧನವೊಂದುಂಟು, ಅದೇ ಶಕ್ತಿ. ಉಳುವುದಕ್ಕೆ, ಹರಗುವುದಕ್ಕೆ, ನೀರೆತ್ತುವುದಕ್ಕೆ, ಒಕ್ಕಣೆಗೆ, ಸಾಗಣೆಗೆ ಶಕ್ತಿಯು ಬೇಕೇಬೇಕು. ಪೂರ್ವದಲ್ಲಿ ಈ ಶಕ್ತಿಯು ರೈತನ ಮನೆಯಲ್ಲಿಯೇ ಹುಟ್ಟಿ ಅವನ ಹೊಲದಲ್ಲಿಯೇ ವ್ಯಯವಾಗುತ್ತಿತ್ತು. ಈಗ ಅದರ ಬಹುಭಾಗವು ಹೊರಗಿನಿಂದ ಬರುತ್ತದೆ. ಕಳೆದ ನೂರು ವರ್ಷಗಳಲ್ಲಿ ನಮ್ಮ ದೇಶದ ವ್ಯವಸಾಯದಲ್ಲಿ ಆಗಿರುವ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಈ ಬದಲಾವಣೆಯು ಹೇಗೆ ಆಯಿತು, ಇದರಿಂದ ಬಂದ ಲಾಭವೇನು, ಇದರಲ್ಲಿ ಅಡಗಿರುವ ಅಪಾಯವೇನು, ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯದಲ್ಲಿ ಗಮನಿಸಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

೧. ಶಕ್ತಿಯ ಅಳತೆ

ಧಾನ್ಯವನ್ನು ಸೇರು ಪಲ್ಲಗಳಿಂದ ಅಳೆಯುತ್ತಿದ್ದಂತೆ ಶಕ್ತಿಯನ್ನೂ ಅಳೆಯಬಹುದು. ಸುಮಾರು ೭೫ ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತರಕ್ಕೆ ಎತ್ತಬಲ್ಲ ಬಲಕ್ಕೆ ಒಂದು ಅಶ್ವಶಕ್ತಿ ಎಂದು ಹೆಸರು. ಒಂದು ಅಶ್ವಶಕ್ತಿಯು ಒಂದು ಗಂಟೆಯ ಕಾಲ ದುಡಿದರೆ ಆಗುವ ಕೆಲಸವು ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಯೂನಿಟ್ಟಿಗೆ ಸಮ.

ಗಟ್ಟಿಮುಟ್ಟಾದ ಆಳು ದಿನವಿಡೀ ಒಂದೇ ಸಮನಾಗಿ ದುಡಿಯುವಾಗ ಅವನ ಬಲವು ಅಶ್ವಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರುವುದಿಲ್ಲ. ಮಧ್ಯಮ ತರದ ಒಂದು ಜೊತೆ ಎತ್ತುಗಳ ಬಲವು ಸುಮಾರು ಒಂದು ಅಶ್ವಶಕ್ತಿ. ಈ ಲೆಕ್ಕದಿಂದ ನೋಡಿದರೆ ಎಂಟು ಗಂಟೆಯ ಕಾಲ ಬೆವರು ಸುರಿಸಿ ದುಡಿದ ಆಳಿನ ಇಡೀ ದಿನದ ಕೆಲಸವು ಒಂದು ಯೂನಿಟ್ಟು ವಿದ್ಯುತ್ತಿಗಿಂತಲೂ ಕಡಮೆಯೆಂದು ತಿಳಿಯಬರುತ್ತದೆ. ಒಂದು ಲೀಟರು ಡೀಸೆಲ್ ಎಣ್ಣೆಯಲ್ಲಿ ಸುಮಾರು ಹತ್ತು ಯೂನಿಟ್ಟುಗಳಷ್ಟು ಶಾಖವಿರುತ್ತದೆ. ಯಂತ್ರವು ಇದರಲ್ಲಿ ಕಾಲು ಭಾಗವನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಮಾತ್ರ ಕೆಲಸಕ್ಕೆ ತಿರುಗಿಸಬಲ್ಲದು. ಮಿಕ್ಕುದು ಹೊಗೆಯಲ್ಲಿಯೂ ಬಿಸಿಯಲ್ಲಿಯೂ ಹೋಗುತ್ತದೆ. ಆದಾಗ್ಯೂ ಆ ಒಂದು ಲೀಟರು ಎಣ್ಣೆಯಿಂದ ನಾಲ್ಕೈದು ಆಳುಗಳ ಒಂದು ದಿನದ ದುಡಿಮೆಯಷ್ಟು ಕೆಲಸವಾಗುತ್ತದೆ. ಯಂತ್ರಗಳು ಹಳ್ಳಿಗಳನ್ನು ಇಷ್ಟು ಬೇಗನೆ ಹೊಕ್ಕುದಕ್ಕೆ ಕಾರಣವು ಈ ಒಂದು ಲೆಕ್ಕದಲ್ಲಿಯೇ ಇದೆ.

೨. ಎತ್ತಿನ ಕಾಲ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ನಮ್ಮ ಬೇಸಾಯವು ಬಹುಮಟ್ಟಿಗೆ ಎತ್ತುಗಳ ಮತ್ತು ಆಳುಗಳ ಬಲದಿಂದಲೇ ನಡೆಯುತ್ತಿತ್ತು. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ತೀರದ ತಳಿ, ದೇವಣಿ ಮುಂತಾದ ನಮ್ಮ ನಾಡಿನ ರಾಸುಗಳು ಈ ಕೆಲಸಕ್ಕಾಗಿಯೇ ಹೆಸರಾಗಿದ್ದುವು. ಮರದ ನೇಗಿಲು, ಕುಂಟೆ, ಕೂರಿಗೆ, ಹಲುಬೆ, ಗಾಡಿ, ಕಣದ ರೋಣುಗಲ್ಲು, ಗಾಣ ಇವೆಲ್ಲವನ್ನೂ ನಡೆಸುತ್ತಿದ್ದುದು ಅದೇ ಒಂದು ಜೊತೆ ಎತ್ತು.

ನೀರೆತ್ತುವ ಕೆಲಸವೇ ಇವುಗಳಲ್ಲೆಲ್ಲ ಕಷ್ಟವಾದುದು. ತಗ್ಗಿನ ನೀರಿಗೆ ಗೂಡೆ, ಸ್ವಲ್ಪ ಆಳದ ನೀರಿಗೆ ಏತ, ಅದಕ್ಕೂ ಆಳವಾದ ಬಾವಿಗೆ ಕಪಿಲೆ ಬಳಕೆಯಲ್ಲಿದ್ದುವು. ಇಳಿಜಾರಿನ ಹಾದಿಯಲ್ಲಿ ಎತ್ತುಗಳು ಇಳಿಯುವಾಗ ಹಗ್ಗವು ತೊಗಲಿನ ಚೀಲವನ್ನು ಮೇಲಕ್ಕೆ ಎಳೆಯುತ್ತಿತ್ತು. ಒಂದು ಎಕರೆಗೆ ಒಂದು ಅಂಗುಲದಷ್ಟು ನೀರು ನಿಲ್ಲಬೇಕಾದರೆ ಸುಮಾರು ೧,೦೩,೦೦೦ ಲೀಟರು ನೀರು ಬೇಕು. ಚೀಲವು ೧೫೦ ಲೀಟರು ಹಿಡಿಯುವುದೆಂದು ಇಟ್ಟುಕೊಂಡರೆ ಎತ್ತುಗಳು ಸುಮಾರು ೬೮೫ ಸಲ ಇಳಿದು ಹತ್ತಬೇಕು. ಒಂದು ಜೊತೆ ಎತ್ತಿಗೆ ಇದು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಆದಕಾರಣ ಕಪಿಲೆಯ ರೈತನು ಬಾವಿಯ ಕೆಳಗೆ ಅರ್ಧ ಎಕರೆಯನ್ನೋ ಒಂದು ಎಕರೆಯನ್ನೋ ಮಾತ್ರ ಮಾಡುತ್ತಿದ್ದನು. ಒಂದು ಹನಿಯನ್ನೂ ವ್ಯರ್ಥಗೊಳಿಸುತ್ತಿರಲಿಲ್ಲ. ಎತ್ತುಗಳ ಆಯಾಸವೇ ನೀರಿಗೆ ಮಿತಿಯನ್ನು ಕಟ್ಟುತ್ತಿತ್ತು. ಬಾವಿಯ ಊಟೆಯೂ ರಾತ್ರಿ ಕಳೆಯುವುದರೊಳಗೆ ಮತ್ತೆ ತುಂಬಿಕೊಳ್ಳುತ್ತಿತ್ತು.

ಈ ಪದ್ಧತಿಯಲ್ಲಿ ಶಕ್ತಿಯ ಮೂಲವು ಹೊಲವೇ. ರಾಗಿಯ ಹುಲ್ಲು, ಜೋಳದ ಸೊಪ್ಪೆ, ಹುರುಳಿಯ ಹೊಟ್ಟು ಎತ್ತಿಗೆ ಮೇವಾಗಿ, ಎತ್ತಿನ ಸಗಣಿಯು ಹೊಲಕ್ಕೆ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಹಣವು ಊರನ್ನು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಹಾಗೆಂದು ಆ ಕಾಲವನ್ನು ಕೇವಲ ಹೊಗಳುವುದೂ ಸರಿಯಲ್ಲ. ವರ್ಷದಲ್ಲಿ ಕೆಲವೇ ತಿಂಗಳು ಉಳುವ ಎತ್ತಿಗೆ ವರ್ಷವೆಲ್ಲ ಮೇವು ಹಾಕಬೇಕಾಗಿತ್ತು. ಬರಗಾಲದಲ್ಲಿ ರಾಸುಗಳು ಸತ್ತರೆ ಮುಂದಿನ ಮಳೆಗೆ ಉಳುವ ಗತಿಯೇ ಇರುತ್ತಿರಲಿಲ್ಲ. ಒಂದೇ ಹದಮಳೆಗೆ ಊರೆಲ್ಲ ಬಿತ್ತಬೇಕಾಗಿ ಬಂದಾಗ ಸ್ವಂತ ಎತ್ತಿಲ್ಲದ ಬಡ ರೈತನು ಕಡೆಯಲ್ಲಿ ಬಿತ್ತಿ ಅರೆಬೆಳೆಯನ್ನು ಕೊಯ್ಯುತ್ತಿದ್ದನು. ಹೀಗೆ ಶಕ್ತಿಯ ಅಭಾವವೂ ದಾರಿದ್ರ್ಯಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

೩. ಹೊಸ ಶಕ್ತಿಯ ಆರಂಭ

ಬದಲಾವಣೆಯ ಮೊದಲನೆಯ ಹೆಜ್ಜೆ ಕಬ್ಬಿಣದ ನೇಗಿಲು. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೦೩ ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣವು ನೆಲಕ್ಕೆ ವಿಷವೆಂಬ ಭಯದಿಂದ ಮೊದಮೊದಲು ಅದನ್ನು ಕೊಳ್ಳುವವರೇ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೧೩ ರಿಂದ ೧೯೩೪ ರವರೆಗೆ ವ್ಯವಸಾಯದ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರ ಕಾಲದಲ್ಲಿ ಸುಧಾರಿಸಿದ ನೇಗಿಲುಗಳ ಪ್ರಚಾರವು ಹಳ್ಳಿಗಳಲ್ಲಿ ನಡೆಯಿತು. ಕಬ್ಬಿಣದ ನೇಗಿಲು ಮಣ್ಣನ್ನು ಬುಡಮೇಲು ಮಾಡಿ ಆಳವಾಗಿ ಉಳುತ್ತದೆ. ಅದೇ ಕಾರಣದಿಂದ ಎತ್ತಿನಿಂದ ಹೆಚ್ಚು ಬಲವನ್ನೂ ಬೇಡುತ್ತದೆ. ಸಲಕರಣೆಯು ಸುಧಾರಿಸಿದಂತೆಲ್ಲ ಶಕ್ತಿಯ ಬೇಡಿಕೆಯು ಏರುತ್ತದೆಂಬ ನಿಯಮಕ್ಕೆ ಇದು ಮೊದಲನೆಯ ಉದಾಹರಣೆ.

ಎರಡನೆಯ ಹೆಜ್ಜೆ ತೈಲಯಂತ್ರ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮದರಾಸು ಪ್ರಾಂತದಲ್ಲಿ ಆಲ್ಫ್ರೆಡ್ ಚಾಟರ್ಟನ್‌ರವರು ಬಾವಿಗಳಿಗೆ ತೈಲಯಂತ್ರವನ್ನೂ ಪಂಪನ್ನೂ ಜೋಡಿಸಿ ನೀರೆತ್ತುವ ಪ್ರಯೋಗಗಳನ್ನು ನಡೆಸಿದರು. ಅನಂತರ ಅವರು ಮೈಸೂರು ಸರ್ಕಾರದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿಯೂ ಕೆಲಸ ಮಾಡಿದರು.

ಮೂರನೆಯದು ವಿದ್ಯುತ್ತು. ಕಾವೇರಿಯ ಶಿವನಸಮುದ್ರದಲ್ಲಿ ೧೯೦೨ ರಲ್ಲಿ ವಿದ್ಯುದಾಗಾರವು ಕೆಲಸಕ್ಕೆ ತೊಡಗಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ೧೯೦೫ ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹತ್ತಿದುವು. ಜೋಗದ ವಿದ್ಯುದಾಗಾರವು ೧೯೪೮ ರಲ್ಲಿ ಆರಂಭವಾಯಿತು. ಆದರೆ ಈ ವಿದ್ಯುತ್ತು ಮೊದಲು ಗಣಿಗೆ, ಬಳಿಕ ಪಟ್ಟಣಕ್ಕೆ, ಆಮೇಲೆ ಕಾರ್ಖಾನೆಗೆ ಹೋಯಿತೇ ಹೊರತು ಹೊಲದ ಬಾವಿಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ೧೯೫೧ ರಲ್ಲಿ ಇಡೀ ಭಾರತದಲ್ಲಿ ವಿದ್ಯುತ್ತಿನಿಂದ ನಡೆಯುವ ನೀರಾವರಿ ಪಂಪುಗಳಿದ್ದುದು ಸುಮಾರು ೨೧,೦೦೦ ಮಾತ್ರ.

೪. ಸ್ವಾತಂತ್ರ್ಯಾನಂತರದ ಏರಿಕೆ

ಮುಂದಿನ ಎಪ್ಪತ್ತು ವರ್ಷಗಳ ಏರಿಕೆಯು ಕೆಳಗಿನ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಟ್ರಾಕ್ಟರುಗಳು: ೧೯೫೧ ರಲ್ಲಿ ದೇಶದಲ್ಲಿ ಸುಮಾರು ೮,೬೦೦, ೧೯೬೧ ರಲ್ಲಿ ಸುಮಾರು ೩೧,೦೦೦, ೧೯೭೨ ರಲ್ಲಿ ಸುಮಾರು ೧,೪೮,೦೦೦. ೨೦೨೨–೨೩ ರ ಒಂದೇ ವರ್ಷದಲ್ಲಿ ಮಾರಾಟವಾದುವು ಒಂಬತ್ತು ಲಕ್ಷಕ್ಕೂ ಮೇಲೆ.

ವಿದ್ಯುತ್ ಪಂಪುಗಳು: ೧೯೫೧ ರಲ್ಲಿ ಸುಮಾರು ೨೧,೦೦೦, ೧೯೬೧ ರಲ್ಲಿ ಸುಮಾರು ೨ ಲಕ್ಷ, ೧೯೮೦ ರ ವೇಳೆಗೆ ಸುಮಾರು ೪೦ ಲಕ್ಷ, ಈಗ ೨ ಕೋಟಿಗೂ ಮೇಲೆ.

ಸೀಮೆಗೊಬ್ಬರದ ಸಾರಾಂಶಗಳು: ೧೯೫೦–೫೧ ರಲ್ಲಿ ಸುಮಾರು ೭೦,೦೦೦ ಟನ್ನು, ೧೯೮೦–೮೧ ರಲ್ಲಿ ಸುಮಾರು ೫೫ ಲಕ್ಷ ಟನ್ನು, ೨೦೨೦–೨೧ ರಲ್ಲಿ ೩೦೦ ಲಕ್ಷ ಟನ್ನಿಗೂ ಮೇಲೆ.

ಈ ಏರಿಕೆಗೆ ಕಾರಣಗಳು ಹಲವು. ೧೯೬೫ ಮತ್ತು ೧೯೬೬ ರಲ್ಲಿ ಮಳೆಯು ತಪ್ಪಿ ದೇಶವು ಹೊರನಾಡಿನ ಗೋದಿಗೆ ಕೈಯೊಡ್ಡಬೇಕಾಯಿತು. ೧೯೬೬ ರಿಂದ ಅಧಿಕ ಇಳುವರಿಯ ತಳಿಗಳು ಬಳಕೆಗೆ ಬಂದುವು. ಈ ತಳಿಗಳಿಗೆ ಕಾಲಕ್ಕೆ ಸರಿಯಾಗಿ ನೀರೂ ಗೊಬ್ಬರವೂ ಬೇಕು. ಒಂದು ಬೆಳೆಯನ್ನು ಕೊಯ್ದ ಕೂಡಲೆ ಮತ್ತೊಂದಕ್ಕೆ ನೆಲವನ್ನು ಹದಗೊಳಿಸಬೇಕು. ಎತ್ತಿನ ವೇಗವು ಇದಕ್ಕೆ ಸಾಲದಾಯಿತು. ೧೯೬೯ ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಪಂಪಿಗೂ ಟ್ರಾಕ್ಟರಿಗೂ ಸಾಲವು ದೊರೆಯುವುದು ಸುಲಭವಾಯಿತು. ಅದೇ ವರ್ಷ ಗ್ರಾಮೀಣ ವಿದ್ಯುದೀಕರಣ ನಿಗಮವು ಸ್ಥಾಪಿತವಾಗಿ ಹಳ್ಳಿಗಳಿಗೆ ತಂತಿಗಳು ಬಂದುವು. ಇಷ್ಟರಲ್ಲಿ ಆಳುಗಳು ಪಟ್ಟಣಗಳಿಗೆ ಹೋದುದರಿಂದಲೂ ಕೂಲಿಯು ಏರಿದುದರಿಂದಲೂ ಯಂತ್ರಗಳು ಅನಿವಾರ್ಯವಾದುವು.

ಒಟ್ಟಿನಲ್ಲಿ ೧೯೬೦–೬೧ ರಲ್ಲಿ ಸಾಗುವಳಿಯ ಭೂಮಿಯ ಒಂದು ಹೆಕ್ಟೇರಿಗೆ ಸುಮಾರು ೦.೩ ಕಿಲೋವಾಟಿನಷ್ಟು ಬಲವು ಒದಗುತ್ತಿದ್ದುದು, ೨೦೧೫ ರ ಸುಮಾರಿಗೆ ೨ ಕಿಲೋವಾಟಿಗೆ ಏರಿತು. ಎಕರೆಯ ಲೆಕ್ಕದಲ್ಲಿ ಹೇಳುವುದಾದರೆ ಅಶ್ವಶಕ್ತಿಯ ಆರನೆಯ ಒಂದು ಭಾಗದಿಂದ ಒಂದು ಅಶ್ವಶಕ್ತಿಗೂ ತುಸು ಮೇಲಕ್ಕೆ ಬಂದಿತು. ಅಂದು ಈ ಬಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎತ್ತು ಮತ್ತು ಆಳುಗಳದು. ಇಂದು ಅವುಗಳ ಪಾಲು ಸುಮಾರು ಹತ್ತಕ್ಕೆ ಇಳಿದಿದೆ.

ಇದೇ ಅವಧಿಯಲ್ಲಿ ದೇಶದ ಆಹಾರಧಾನ್ಯದ ಉತ್ಪತ್ತಿಯು ಸುಮಾರು ೮೨೦ ಲಕ್ಷ ಟನ್ನಿನಿಂದ ೨,೫೨೦ ಲಕ್ಷ ಟನ್ನಿಗೆ ಏರಿತು. ಧಾನ್ಯ ಬೆಳೆಯುವ ಭೂಮಿಯು ಹೆಚ್ಚಾದುದು ಅತ್ಯಲ್ಪ. ಆದಕಾರಣ ಈ ಏರಿಕೆಯು ಬಹುಮಟ್ಟಿಗೆ ಇಳುವರಿಯಿಂದಲೇ ಬಂದುದು. ಹಸಿವೆಯನ್ನು ಗೆದ್ದುದರಲ್ಲಿ ಹೊಸ ಶಕ್ತಿಯ ಪಾತ್ರವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಲವು ಏಳರಷ್ಟಾದಾಗ ಧಾನ್ಯವು ಮೂರರಷ್ಟಾಯಿತೆಂಬುದನ್ನೂ ಗಮನಿಸಬೇಕು. ಹೆಚ್ಚಿದ ಶಕ್ತಿಯ ಒಂದು ಪಾಲು ಎತ್ತು ಆಳುಗಳ ಬದಲಿಗೆ ನಿಂತಿತು. ಮತ್ತೊಂದು ಪಾಲು ದಿನೇ ದಿನೇ ಕೆಳಗಿಳಿಯುತ್ತಿರುವ ನೀರನ್ನು ಬೆನ್ನಟ್ಟುವುದರಲ್ಲಿಯೇ ವ್ಯಯವಾಗುತ್ತಿದೆ.

೫. ಗೊಬ್ಬರದ ಚೀಲದಲ್ಲಿ ಅಡಗಿರುವ ಶಕ್ತಿ

ಶಕ್ತಿಯೆಂದರೆ ಎಣ್ಣೆ ಮತ್ತು ವಿದ್ಯುತ್ತು ಮಾತ್ರವೆಂದು ಅನೇಕರು ಭಾವಿಸುತ್ತಾರೆ. ಸೀಮೆಗೊಬ್ಬರವೂ ಒಂದು ಬಗೆಯಲ್ಲಿ ಘನೀಭೂತವಾದ ಶಕ್ತಿಯೇ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರವಾಗಿ ಮಾಡುವುದಕ್ಕೆ ಅತ್ಯಧಿಕ ಶಾಖವೂ ಒತ್ತಡವೂ ಬೇಕು. ಅದಕ್ಕೆ ಬೇಕಾಗುವ ಜಲಜನಕವನ್ನು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ನಮ್ಮ ನಾಡಿನಲ್ಲಿ ಮೈಸೂರಿನ ಬಳಿಯ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಇಂತಹ ಕಾರ್ಖಾನೆಯೊಂದಿತ್ತು. ೧೯೫೧ ರಲ್ಲಿ ಸಿಂದ್ರಿಯ ದೊಡ್ಡ ಕಾರ್ಖಾನೆಯು ಉತ್ಪತ್ತಿಯನ್ನು ಆರಂಭಿಸಿತು.

ಈಗ ಮಾರಾಟಕ್ಕೆ ಬರುವ ೪೫ ಕಿಲೋಗ್ರಾಂ ತೂಕದ ಒಂದು ಚೀಲ ಯೂರಿಯಾವನ್ನು ತಯಾರಿಸುವುದಕ್ಕೆ ಸುಮಾರು ೩೦ ಲೀಟರು ಡೀಸೆಲಿನಲ್ಲಿರುವಷ್ಟು ಶಾಖವು ಖರ್ಚಾಗುತ್ತದೆ. ಒಂದು ಎಕರೆಯನ್ನು ಟ್ರಾಕ್ಟರಿನಿಂದ ಒಂದು ಸಲ ಉಳುವುದಕ್ಕೆ ಹಿಡಿಯುವ ಎಣ್ಣೆಗೆ ಇದನ್ನು ಹೋಲಿಸಿ ನೋಡಿದರೆ, ಬದುವಿನ ಮೇಲೆ ಒರಗಿಸಿಟ್ಟ ಚೀಲವು ಎಷ್ಟು ಭಾರವಾದುದೆಂದು ತಿಳಿಯುತ್ತದೆ. ನಿಂತ ನೀರಿನ ಗದ್ದೆಗೆ ಎರಚಿದ ಯೂರಿಯಾದಲ್ಲಿ ಅರ್ಧಕ್ಕಿಂತ ಕಡಮೆ ಪಾಲು ಮಾತ್ರ ಪೈರಿಗೆ ಸೇರುತ್ತದೆ. ಮಿಕ್ಕುದು ಗಾಳಿಗೂ ನೀರಿಗೂ ಹೋಗುತ್ತದೆ. ಅಂದಮೇಲೆ ಒಂದು ಚೀಲವನ್ನು ಉಳಿಸಿದ ರೈತನು ಹಣವನ್ನು ಮಾತ್ರವಲ್ಲದೆ ದೇಶವು ಹೊರಗಿನಿಂದ ತರಿಸುವ ಅನಿಲವನ್ನೂ ಉಳಿಸಿದಂತಾಯಿತು. ಹೊಂಗೆ, ಗ್ಲಿರಿಸಿಡಿಯಾ ಮುಂತಾದ ಹಸಿರು ಸೊಪ್ಪು, ಸೆಣಬು, ಡಯಂಚ, ದ್ವಿದಳ ಧಾನ್ಯದ ಬೆಳೆ ಇವು ಬಿಸಿಲಿನ ಬಲದಿಂದಲೇ ಸಾರಜನಕವನ್ನು ಒದಗಿಸತಕ್ಕವುಗಳು. ನಮ್ಮ ಹಿರಿಯರು ಗದ್ದೆಯ ಬದುಗಳಲ್ಲಿ ಹೊಂಗೆಯನ್ನು ಬೆಳೆಸಿದುದು ನೆರಳಿಗೆ ಮಾತ್ರವಲ್ಲ.

೬. ಬಾವಿಯ ಲೆಕ್ಕ

ನಮ್ಮ ನಾಡಿನ ಮಟ್ಟಿಗೆ ಅತ್ಯಂತ ಮುಖ್ಯವಾದುದು ನೀರೆತ್ತುವ ಶಕ್ತಿಯ ಲೆಕ್ಕ. ಇದರಲ್ಲಿ ಸೇರುವ ಸಂಗತಿಗಳು ಮೂರೇ: ನೀರಿನ ಪ್ರಮಾಣ, ನೀರನ್ನು ಎತ್ತುವ ಆಳ, ಪಂಪಿನ ದಕ್ಷತೆ. ದಕ್ಷತೆಯೆಂದರೆ ಮೋಟರು ಎಳೆದುಕೊಂಡ ನೂರು ಯೂನಿಟ್ಟಿನಲ್ಲಿ ಎಷ್ಟು ನಿಜವಾಗಿ ನೀರನ್ನು ಎತ್ತಿತೆಂಬುದು. ಒಳ್ಳೆಯ ಪಂಪನ್ನು ಸರಿಯಾಗಿ ಜೋಡಿಸಿದರೆ ಇದು ೫೦ ರವರೆಗೂ ಅದಕ್ಕೂ ಮೇಲೂ ಬರಬಹುದು. ಹೊಲಗಳಲ್ಲಿರುವ ಹಳೆಯ, ಪದೇ ಪದೇ ಸುರುಳಿ ಸುತ್ತಿಸಿದ ಪಂಪುಗಳಲ್ಲಿ ೨೦ ರಿಂದ ೩೦ ರಷ್ಟೇ ಇರುವುದು ಸಾಮಾನ್ಯ.

ಒಂದು ಎಕರೆಗೆ ಒಂದು ಅಂಗುಲ ನೀರನ್ನು ಕೊಡುವುದಕ್ಕೆ ಬೇಕಾಗುವ ವಿದ್ಯುತ್ತು ಈ ಕೆಳಗಿನಂತಿದೆ.

೩೦ ಅಡಿ ಆಳದ ನೀರಿಗೆ: ನೂರಕ್ಕೆ ೩೦ ರ ದಕ್ಷತೆಯಲ್ಲಿ ೮½ ಯೂನಿಟ್ಟು, ನೂರಕ್ಕೆ ೫೦ ರಲ್ಲಿ ೫ ಯೂನಿಟ್ಟು.

೧೦೦ ಅಡಿಗೆ: ೨೮½ ಯೂನಿಟ್ಟು, ೧೭ ಯೂನಿಟ್ಟು.

೩೦೦ ಅಡಿಗೆ: ೮೫ ಯೂನಿಟ್ಟು, ೫೧ ಯೂನಿಟ್ಟು.

೬೦೦ ಅಡಿಗೆ: ೧೭೧ ಯೂನಿಟ್ಟು, ೧೦೨ ಯೂನಿಟ್ಟು.

ಇಲ್ಲಿ ಆಳವೆಂದರೆ ಕೊಳವೆ ಬಾವಿಯನ್ನು ಕೊರೆದ ಆಳವಲ್ಲ. ಪಂಪು ನಡೆಯುತ್ತಿರುವಾಗ ನೀರು ನಿಲ್ಲುವ ಮಟ್ಟ. ಕೊಳವೆಗಳಲ್ಲಿ ಆಗುವ ತಿಕ್ಕಾಟದ ನಷ್ಟವು ಇದರ ಮೇಲೆ ಬೇರೆಯಾಗಿ ಸೇರುತ್ತದೆ.

ಈ ಅಂಕಿಗಳನ್ನು ಒಂದು ಬೆಳೆಗೆ ಅನ್ವಯಿಸಿ ನೋಡೋಣ. ಒಂದು ಎಕರೆ ಬೆಳೆಗೆ ೨೦ ಅಂಗುಲ ನೀರನ್ನು ಬಾವಿಯಿಂದ ಕೊಡಬೇಕೆಂದಿಟ್ಟುಕೊಳ್ಳಿ. ನೀರು ೩೦ ಅಡಿಯಲ್ಲಿದ್ದಾಗ ಹಳೆಯ ಪಂಪಿಗೂ ೧೭೦ ಯೂನಿಟ್ಟು ಸಾಕಾಗುತ್ತಿತ್ತು. ಅದೇ ನೀರು ೩೦೦ ಅಡಿಗೆ ಇಳಿದರೆ ಅದೇ ಬೆಳೆಗೆ, ಅದೇ ಇಳುವರಿಗೆ ೧,೭೦೦ ಯೂನಿಟ್ಟು ಬೇಕು. ರೈತನಿಗೆ ಒಂದು ಸೇರು ಧಾನ್ಯವೂ ಹೆಚ್ಚಾಗಿ ಬರಲಿಲ್ಲ; ಶಕ್ತಿಯ ಖರ್ಚು ಮಾತ್ರ ಹತ್ತರಷ್ಟಾಯಿತು. ದೇಶದ ಬೇಸಾಯದಲ್ಲಿ ಶಕ್ತಿಯ ಖರ್ಚು ಏರಿತೆಂದಾಗ ಅದೆಲ್ಲವೂ ಅಭಿವೃದ್ಧಿಯೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳಲ್ಲಿ ಆಗಿರುವುದು ಹೀಗೆಯೇ. ಈ ಸೀಮೆಯಲ್ಲಿ ಸದಾ ಹರಿಯುವ ಹೊಳೆಯಿಲ್ಲ; ಕೆರೆಯೇ ಆಧಾರ. ಕೆರೆಯ ನೀರು ಇಂಗಿ ಕೆಳಗಿನ ಬಾವಿಗಳು ತುಂಬುತ್ತಿದ್ದುವು. ೧೯೭೦ ರ ದಶಕದಿಂದ ಈಚೆಗೆ ಕೊಳವೆ ಬಾವಿಗಳು ಹಬ್ಬಿ, ಗಟ್ಟಿ ಬಂಡೆಯ ಬಿರುಕುಗಳಲ್ಲಿ ಸಂಗ್ರಹವಾಗಿದ್ದ ನೀರನ್ನು ಹೊರತೆಗೆಯಲಾಯಿತು. ತೆರೆದ ಬಾವಿಗಳು ಒಣಗಿದುವು. ಕೊಳವೆ ಬಾವಿಗಳನ್ನು ಅನೇಕ ಕಡೆಗಳಲ್ಲಿ ಸಾವಿರ ಅಡಿಗೂ ಮೀರಿ ಕೊರೆಯಬೇಕಾಯಿತು. ಒಂದರಲ್ಲಿ ನೀರು ಬಾರದೆ ಎರಡನೆಯದನ್ನು, ಅದೂ ಒಣಗಿ ಮೂರನೆಯದನ್ನು ಕೊರೆಸಿ ಸಾಲದಲ್ಲಿ ಮುಳುಗಿದ ಸಂಸಾರಗಳು ಇಲ್ಲದ ಊರು ಆ ಸೀಮೆಯಲ್ಲಿ ವಿರಳ.

೭. ವಿದ್ಯುತ್ತಿನ ದರ ಮತ್ತು ಅದರ ಪರಿಣಾಮ

ಆರಂಭದಲ್ಲಿ ನೀರಾವರಿ ಪಂಪುಗಳಿಗೆ ಮೀಟರುಗಳಿದ್ದುವು. ಹಳ್ಳಿಹಳ್ಳಿಗೂ ಹೋಗಿ ಮೀಟರು ನೋಡಿ ಹಣ ವಸೂಲು ಮಾಡುವುದು ದುಬಾರಿಯೆಂದು ೧೯೭೦ ಮತ್ತು ೧೯೮೦ ರ ದಶಕಗಳಲ್ಲಿ ಅನೇಕ ರಾಜ್ಯಗಳು ಅಶ್ವಶಕ್ತಿಯ ಮೇಲೆ ವರ್ಷಕ್ಕಿಷ್ಟು ಎಂದು ದರವನ್ನು ಗೊತ್ತುಮಾಡಿದುವು. ಎಷ್ಟು ಹೊತ್ತು ಪಂಪನ್ನು ನಡೆಸಿದರೂ ಹಣವು ಒಂದೇ ಆಯಿತು. ಬಳಿಕ ಕೆಲವು ರಾಜ್ಯಗಳು ಉಚಿತವಾಗಿಯೇ ಕೊಡಲು ತೊಡಗಿದುವು. ಕರ್ನಾಟಕದಲ್ಲಿ ೨೦೦೮ ರಿಂದ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿದೆ. ಇದರ ಬೆಲೆಯನ್ನು ಸರ್ಕಾರದ ಬೊಕ್ಕಸದಿಂದ ಕೊಡಬೇಕಾಗುತ್ತದೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗವು ಈ ಪಂಪುಗಳಿಗೆ ಹೋಗುತ್ತದೆಂದು ಅಂದಾಜು. ಇಡೀ ದೇಶದಲ್ಲಿ ವ್ಯವಸಾಯದ ಪಾಲು ೧೯೫೦–೫೧ ರಲ್ಲಿ ನೂರಕ್ಕೆ ಸುಮಾರು ೪ ರಷ್ಟಿದ್ದುದು ೧೯೯೦ ರ ದಶಕದಲ್ಲಿ ಸುಮಾರು ೩೦ ಕ್ಕೆ ಏರಿ, ಈಚೆಗೆ ೧೭–೧೮ ರ ಸುಮಾರಿನಲ್ಲಿದೆ. ಮೀಟರಿಲ್ಲದ ಕಾರಣ ಇವೆಲ್ಲವೂ ಬಹುಮಟ್ಟಿಗೆ ಅಂದಾಜಿನ ಅಂಕಿಗಳೇ. ತಂತಿಗಳಲ್ಲಿ ಸೋರಿಹೋದುದನ್ನೂ ರೈತನ ಲೆಕ್ಕಕ್ಕೆ ಬರೆಯುವುದುಂಟು.

ಉಚಿತ ವಿದ್ಯುತ್ತಿನಿಂದ ಸಣ್ಣ ರೈತರಿಗೆ ಸಹಾಯವಾದುದು ನಿಜ. ಆದರೆ ಬೆಲೆಯಿಲ್ಲದ ವಸ್ತುವಿಗೆ ಮಿತಿಯಿಲ್ಲ. ವಿದ್ಯುತ್ತು ಬಂದ ಕೂಡಲೆ ತಾನಾಗಿಯೇ ಪಂಪು ನಡೆಯುವಂತೆ ಸಲಕರಣೆಯನ್ನು ಜೋಡಿಸಿ ರಾತ್ರಿಯೆಲ್ಲ ನೀರನ್ನು ಹರಿಯಬಿಡುವುದು ವಾಡಿಕೆಯಾಯಿತು. ಒಂದೇ ಪರಿವರ್ತಕದ ಮೇಲೆ ಎಲ್ಲರ ಪಂಪುಗಳೂ ಒಟ್ಟಿಗೆ ನಡೆದರೆ ವಿದ್ಯುತ್ತಿನ ಒತ್ತಡವು ಕುಗ್ಗುತ್ತದೆ. ಒತ್ತಡವು ಕುಗ್ಗಿದಾಗ ಮೋಟರು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಬಿಸಿಯಾಗಿ ಅದರ ಸುರುಳಿಯು ಸುಡುತ್ತದೆ. ಬೆಳೆಯು ಬಾಡುವ ವೇಳೆಯಲ್ಲಿಯೇ ಮೋಟರನ್ನು ಬಿಚ್ಚಿ ಪಟ್ಟಣಕ್ಕೆ ಸಾಗಿಸಿ ಸುತ್ತಿಸಬೇಕು. ಹೀಗೆ ಯೂನಿಟ್ಟಿಗೆ ಕೊಡದ ಹಣವನ್ನು ರೈತನು ಸುರುಳಿ ಸುತ್ತುವವನಿಗೂ ಬಾವಿ ಕೊರೆಯುವವನಿಗೂ ಕೊಡುತ್ತಾನೆ.

ಗುಜರಾತಿನಲ್ಲಿ ೨೦೦೩ ರಿಂದ ಜ್ಯೋತಿಗ್ರಾಮವೆಂಬ ಯೋಜನೆಯಲ್ಲಿ ಮನೆಗಳ ತಂತಿಯನ್ನೂ ಪಂಪುಗಳ ತಂತಿಯನ್ನೂ ಬೇರ್ಪಡಿಸಿ, ಪಂಪುಗಳಿಗೆ ದಿನಕ್ಕೆ ಗೊತ್ತಾದ ಗಂಟೆಗಳಲ್ಲಿ ಪೂರ್ಣ ಒತ್ತಡದ ವಿದ್ಯುತ್ತನ್ನು ಕೊಟ್ಟರು. ನಮ್ಮಲ್ಲಿ ನಿರಂತರ ಜ್ಯೋತಿ ಯೋಜನೆಯ ಉದ್ದೇಶವೂ ಇದೇ ತೆರನಾದುದು. ೨೦೧೯ ರಲ್ಲಿ ಭಾರತ ಸರ್ಕಾರವು ಕುಸುಮ್ ಯೋಜನೆಯನ್ನು ಮಂಜೂರು ಮಾಡಿ ಸೌರಪಂಪುಗಳಿಗೆ ಸಹಾಯಧನವನ್ನು ಗೊತ್ತುಮಾಡಿತು. ಸೌರಪಂಪು ಹಗಲಿನಲ್ಲಿ ನಡೆಯುತ್ತದೆ, ಎಣ್ಣೆಯನ್ನು ಬೇಡುವುದಿಲ್ಲ, ಹೊಗೆಯಿಲ್ಲ. ಇವು ದೊಡ್ಡ ಗುಣಗಳು. ಆದರೆ ಬಿಸಿಲಿಗೂ ಬೆಲೆಯಿಲ್ಲ. ಬತ್ತುತ್ತಿರುವ ಬಾವಿಯ ಮೇಲೆ ಸೌರಪಂಪನ್ನು ಇಟ್ಟರೆ ಬಾವಿಯು ಬತ್ತುವುದು ತಪ್ಪಲಾರದು. ಶಕ್ತಿಯ ಮೂಲವನ್ನು ಬದಲಾಯಿಸುವುದರ ಜೊತೆಗೆ ನೀರಿನ ಮಿತಿಯನ್ನೂ ಪಾಲಿಸಬೇಕು.

೮. ಈಗ ಮಾಡತಕ್ಕ ಕೆಲಸಗಳು

ಮೇಲಿನ ವಿವರಣೆಯಿಂದ ರೈತರು ಆಚರಣೆಗೆ ತರಬಹುದಾದ ಅಂಶಗಳು ಹೀಗಿವೆ.

(೧) ಲೆಕ್ಕವಿಡುವುದು. ಪ್ರತಿಯೊಂದು ಪಂಪು ದಿನಕ್ಕೆ ಎಷ್ಟು ಗಂಟೆ ನಡೆಯಿತು, ಎಷ್ಟು ಎಕರೆಗೆ ನೀರಾಯಿತು, ಬೇಸಗೆಯಲ್ಲಿ ನೀರು ಎಷ್ಟು ಅಡಿಯಲ್ಲಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಮೂರು ವರ್ಷದ ಲೆಕ್ಕವಿದ್ದರೆ ಬಾವಿಯ ಆಯುಸ್ಸು ಕಣ್ಣಿಗೆ ಕಾಣುತ್ತದೆ.

(೨) ಪಂಪಿನ ಆಯ್ಕೆ. ನೀರಿನ ಆಳಕ್ಕೂ ಪ್ರಮಾಣಕ್ಕೂ ತಕ್ಕ ಪಂಪನ್ನು ಕೊಳ್ಳಬೇಕು. ಅಗತ್ಯಕ್ಕಿಂತ ದೊಡ್ಡ ಮೋಟರು ಹೆಚ್ಚು ನೀರನ್ನು ಸೃಷ್ಟಿಸಲಾರದು. ನಕ್ಷತ್ರಗಳ ಗುರುತಿರುವ ದಕ್ಷ ಪಂಪುಗಳು ಈಗ ದೊರೆಯುತ್ತವೆ. ಹಿಂದಿನ ಉದಾಹರಣೆಯಲ್ಲಿ ದಕ್ಷತೆಯು ೩೦ ರಿಂದ ೫೦ ಕ್ಕೆ ಏರಿದರೆ ೩೦೦ ಅಡಿಯ ಬಾವಿಯಲ್ಲಿ ಎಕರೆಗೆ ಸುಮಾರು ೬೮೦ ಯೂನಿಟ್ಟು ಉಳಿಯುತ್ತದೆ.

(೩) ಕೊಳವೆಗಳು. ಕಿರಿದಾದ ಕೊಳವೆ, ಅನಾವಶ್ಯಕವಾದ ತಿರುವು, ಸೋರುವ ಜೋಡಣೆ ಇವು ಶಕ್ತಿಯನ್ನು ನುಂಗುತ್ತವೆ. ತುಸು ಅಗಲವಾದ ಕೊಳವೆಗೆ ಒಂದು ಸಲ ಕೊಟ್ಟ ಹಣವು ಬೇಗನೆ ಹಿಂದಿರುಗುತ್ತದೆ.

(೪) ನೀರಿನ ಮಿತವ್ಯಯ. ಹನಿ ನೀರಾವರಿ, ಮಣ್ಣಿಗೆ ಹುಲ್ಲು ತರಗುಗಳ ಹೊದಿಕೆ, ಬಾವಿಯ ಕೆಳಗೆ ಭತ್ತ ಕಬ್ಬುಗಳಿಗೆ ಬದಲಾಗಿ ರಾಗಿ, ಕಾಳು, ಎಣ್ಣೆಬೀಜಗಳು ಇವು ಉಚಿತ. ೨೦ ಅಂಗುಲದ ಕಡೆಗೆ ೧೫ ಅಂಗುಲದಲ್ಲಿ ಬೆಳೆಯನ್ನು ತೆಗೆದರೆ ಹಳೆಯ ಪಂಪಿನಲ್ಲಿಯೂ ೪೨೫ ಯೂನಿಟ್ಟಿನಷ್ಟು ಉಳಿತಾಯವಾಗುತ್ತದೆ. ಪಂಪಿನ ಸುಧಾರಣೆಯಿಂದ ಶಕ್ತಿಯು ಮಾತ್ರ ಉಳಿಯುವುದು. ನೀರಿನ ಮಿತವ್ಯಯದಿಂದ ಶಕ್ತಿ ನೀರು ಎರಡೂ ಉಳಿಯುವುವು.

(೫) ಗೊಬ್ಬರ. ಮಣ್ಣನ್ನು ಪರೀಕ್ಷೆ ಮಾಡಿಸದೆ ಗೊಬ್ಬರವನ್ನು ಹಾಕಬಾರದು. ಯೂರಿಯಾವನ್ನು ಒಂದೇ ಸಲಕ್ಕೆ ಹಾಕದೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ತಿಪ್ಪೆಗೊಬ್ಬರವನ್ನೂ ಹಸಿರೆಲೆ ಗೊಬ್ಬರವನ್ನೂ ಬಿಡಬಾರದು.

(೬) ಯಂತ್ರಗಳ ಸಹಭಾಗಿತ್ವ. ಎರಡು ಮೂರು ಎಕರೆಯ ಹಿಡುವಳಿದಾರನು ಸಾಲ ಮಾಡಿ ಟ್ರಾಕ್ಟರನ್ನು ಕೊಂಡರೆ ಅದು ವರ್ಷದ ಬಹುಭಾಗ ಕೊಟ್ಟಿಗೆಯಲ್ಲಿಯೇ ನಿಲ್ಲುತ್ತದೆ. ಊರಿನ ಸಹಕಾರ ಸಂಘವೋ ರೈತರ ಗುಂಪೋ ಇಟ್ಟುಕೊಂಡು ಬಾಡಿಗೆಗೆ ಕೊಡುವುದು ಮೇಲು. ಒಳ್ಳೆಯ ಎತ್ತುಗಳಿರುವ ಮನೆಯಲ್ಲಿ ಕುಂಟೆ ಕೂರಿಗೆಗಳ ಹಗುರ ಕೆಲಸಕ್ಕೆ ಎತ್ತೇ ಲಾಭಕರ.

(೭) ಊರೊಟ್ಟಿನ ಕೆಲಸಗಳು. ಕೆರೆಯ ಹೂಳನ್ನು ತೆಗೆಸುವುದು, ಪೋಷಕ ಕಾಲುವೆಗಳನ್ನು ಒತ್ತುವರಿಯಿಂದ ಬಿಡಿಸುವುದು, ಬದುಗಳನ್ನು ಕಟ್ಟಿಸುವುದು ಇವು ಒಬ್ಬ ರೈತನ ಕೈಯಲ್ಲಾಗತಕ್ಕ ಕೆಲಸಗಳಲ್ಲ. ಗ್ರಾಮದ ಮುಖಂಡರು ಮುಂದಾಗಿ ನಿಂತು ಮಾಡಿಸಬೇಕು. ಅಂತರ್ಜಲವು ಕುಗ್ಗಿರುವ ತಾಲ್ಲೂಕುಗಳನ್ನು ಗೊತ್ತುಮಾಡಿ ಅಲ್ಲಿ ಹೊಸ ಕೊಳವೆ ಬಾವಿಗಳಿಗೆ ಅನುಮತಿಯನ್ನು ಪಡೆಯಬೇಕೆಂದು ೨೦೧೧ ರ ಕರ್ನಾಟಕ ಅಂತರ್ಜಲ ಅಧಿನಿಯಮವು ವಿಧಿಸಿದೆ. ಇದನ್ನು ಊರಿನವರಿಗೆ ತಿಳಿಯಹೇಳಬೇಕು. ಒಂದು ಪರಿವರ್ತಕದ ಕೆಳಗಿನ ರೈತರೆಲ್ಲರೂ ಕುಳಿತು ಸರದಿಯನ್ನು ಗೊತ್ತುಮಾಡಿಕೊಂಡರೆ ಒತ್ತಡವೂ ನಿಲ್ಲುತ್ತದೆ, ಮೋಟರೂ ಉಳಿಯುತ್ತದೆ. ಕೆರೆಯ ನೀರಿಗೆ ಸರದಿಯನ್ನು ನಡೆಸಿ ಬಂದ ನಮ್ಮ ಊರುಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಎತ್ತಿನ ಕಾಲಕ್ಕೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು. ಹಿಂದಿರುಗುವುದು ಸಾಧ್ಯವೂ ಅಲ್ಲ. ಕಪಿಲೆಯ ಕಾಲದಲ್ಲಿ ನೀರಿನ ಮಿತಿಯನ್ನು ಎತ್ತುಗಳ ಬಳಲಿಕೆಯೇ ತಿಳಿಸುತ್ತಿತ್ತು. ಮೋಟರಿಗೆ ಬಳಲಿಕೆಯೆಂಬುದಿಲ್ಲ, ಆದಕಾರಣ ಮಿತಿಯನ್ನು ರೈತನೇ ಲೆಕ್ಕದಿಂದ ಕಂಡುಕೊಳ್ಳಬೇಕಾಗಿದೆ. ಮುಂದಿನ ಬೇಸಗೆಯೊಳಗಾಗಿ ಪ್ರತಿಯೊಂದು ಗ್ರಾಮದಲ್ಲಿಯೂ ಹತ್ತು ಬಾವಿಗಳಿಗಾದರೂ ಇಂತಹ ಲೆಕ್ಕದ ಪುಸ್ತಕವನ್ನು ಇಡಿಸಿದರೆ, ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಊರಿಗೆ ಮಾತ್ರವಲ್ಲದೆ ಮುಂದಿನ ಪೀಳಿಗೆಗೂ ಉಪಕಾರ ಮಾಡಿದವರಾಗುತ್ತಾರೆ.